ಮೈದಾನದ ಅಂಚಿನಲ್ಲಿ ನಿಲ್ಲುವವರು

ನಮ್ಮ ಹೊರನಾಡ ಸಂಘಗಳ ವಾರ್ಷಿಕ ಕ್ರೀಡಾದಿನದಂದು ಮಹಿಳೆಯರ ಪಾಲಿಗೆ ಬರುವುದು ಸಾಮಾನ್ಯವಾಗಿ ಎರಡು: ನಿಂಬೆಹಣ್ಣು-ಚಮಚದ ನಡಿಗೆ ಮತ್ತು ಸಂಗೀತ ಕುರ್ಚಿ. ಹುಡುಗಿಯರು ಓಡಕೂಡದೆಂದು ಯಾರೂ ನಿರ್ಬಂಧಿಸಿಲ್ಲ. ಅವರೂ ಓಡಿಯಾರೆಂಬ ಯೋಚನೆಯೇ ಕಾರ್ಯಕ್ರಮ ರೂಪಿಸುವವರ ತಲೆಯಲ್ಲಿ ಸುಳಿದಿಲ್ಲ. ಕೊಡಗಿನ ಅಶ್ವಿನಿ ನಾಚಪ್ಪನವರ ಹೆಸರನ್ನು, 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳ ರಿಲೇಯಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದ ಎಂ. ಆರ್. ಪೂವಮ್ಮನವರ ಹೆಸರನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಅಭಿಮಾನದಿಂದ ಉಚ್ಚರಿಸುವ ನಾವು, ನಮ್ಮದೇ ಬಡಾವಣೆಯ ಮೈದಾನದಲ್ಲಿ ನಸುಕಿನಲ್ಲಿ ಓಡುವ ಹುಡುಗಿ ಯಾರವಳು, ಎಲ್ಲಿಂದ ಬರುತ್ತಾಳೆ ಎಂದು ವಿಚಾರಿಸಿದವರಲ್ಲ.

ನಾಸಿಕದಲ್ಲಿ ನೆಲೆಸಿದವರಿಗಂತೂ ಈ ಉದಾಸೀನಕ್ಕೆ ಸಬೂಬಿಲ್ಲ. ಈ ಜಿಲ್ಲೆಯ ಹರಸೂಲ್ ಸೀಮೆಯ ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯಲ್ಲಿ ಹುಟ್ಟಿ, ಬರಿಗಾಲಲ್ಲಿ ಓಡಲಾರಂಭಿಸಿದ ಕವಿತಾ ರಾವುತ್, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ಓಟದಲ್ಲಿ ಕಂಚು ಪಡೆದರು. ಆ ಕೂಟದ ಓಟದ ಸ್ಪರ್ಧೆಗಳಲ್ಲಿ ವೈಯಕ್ತಿಕ ಪದಕ ಗಳಿಸಿದ ಮೊದಲ ಭಾರತೀಯ ಮಹಿಳೆ ಅವರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಅದೇ ದೂರಕ್ಕೆ ಬೆಳ್ಳಿ. ಪತ್ರಿಕೆಗಳು ಅವರನ್ನು 'ಸಾವರಪಾಡಾ ಎಕ್ಸ್‌ಪ್ರೆಸ್' ಎಂದು ಕೊಂಡಾಡಿದವು. ಎಕ್ಸ್‌ಪ್ರೆಸ್ ಗಾಡಿಗೂ ಹಳಿ ಹಾಸುವವರು ಬೇಕೆಂಬುದನ್ನು ಮಾತ್ರ ಹೊಗಳುವ ಭರದಲ್ಲಿ ಮರೆಯುತ್ತೇವೆ. ನಾಸಿಕದಲ್ಲಿ ಅವರನ್ನು ತಿದ್ದಿ ಬೆಳೆಸಿದ ತರಬೇತುದಾರ ವಿಜೇಂದ್ರ ಸಿಂಗ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ದೂರದ ಓಟ ಹೆಣ್ಣಿಗೆ ಒಗ್ಗದೆಂಬ ನಂಬಿಕೆ ನಮ್ಮ ದೇಶದ್ದಷ್ಟೇ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಮಹಿಳೆಯರು ಸಾಲುಸಾಲಾಗಿ ಕುಸಿದುಬಿದ್ದರೆಂಬ ಉತ್ಪ್ರೇಕ್ಷೆಯ ವರದಿಗಳು ಹಬ್ಬಿ, ಆ ಓಟವನ್ನೇ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ 1984ರವರೆಗೆ, 10,000 ಮೀಟರ್ ಓಟ 1988ರವರೆಗೆ ಕಾಯಬೇಕಾಯಿತು. ಕವಿತಾ ದೆಹಲಿಯಲ್ಲಿ ಓಡಿದ ದೂರವನ್ನು ಒಲಿಂಪಿಕ್ಸ್ ಹೆಣ್ಣುಮಕ್ಕಳಿಗೆ ತೆರೆದು ಆಗ 22 ವರ್ಷಗಳಷ್ಟೇ ಸಂದಿದ್ದವು.

ಇನ್ನು ನಮ್ಮಿಂದ ಆಗಬೇಕಾದುದೇನು? ಸಂಘಗಳಿಗೆ ತಟ್ಟನೆ ಹೊಳೆಯುವ ಉತ್ತರ ಹಣ: ಒಂದು ಸಮಾರಂಭ, ಒಂದು ಚೆಕ್ಕು, ಹತ್ತು ಜೊತೆ ಬೂಟು, ಮುಖ್ಯ ಅತಿಥಿಗಳೊಡನೆ ಛಾಯಾಚಿತ್ರ. ಬೂಟು ಬೇಡವೆಂದಲ್ಲ. ಆದರೆ ಹದಿಮೂರರ ಹುಡುಗಿಯ ಪಾದ ವರ್ಷ ತುಂಬುವುದರೊಳಗೆ ಬೆಳೆದಿರುತ್ತದೆ, ದಿನವೂ ಓಡಿದರೆ ಬೂಟಿನ ಅಟ್ಟೆ ಅದಕ್ಕೂ ಮುಂಚೆಯೇ ಸವೆದಿರುತ್ತದೆ. ಆ ಎರಡನೆಯ ಜೊತೆಯ ಹೊತ್ತಿಗೆ ದಾನಿಗಳು ಎಲ್ಲಿರುತ್ತಾರೆ? ಹಣಕ್ಕಿಂತ ದುರ್ಲಭವಾದದ್ದು ಬೆಳಗಿನ ಐದೂವರೆಗೆ ತಪ್ಪದೆ ಬಂದು ನಿಲ್ಲುವ ಹಿರಿಯ ಹೆಂಗಸು. ತಾಂತ್ರಿಕ ತರಬೇತಿ ತರಬೇತುದಾರರ ಕೆಲಸ, ಅದರಲ್ಲಿ ನಾವು ಮೂಗು ತೂರಿಸಬೇಕಿಲ್ಲ. ಹಾಜರಿ ಬರೆಯುವುದು, ಬರಿಹೊಟ್ಟೆಯಲ್ಲಿ ಬಂದವಳಿಗೆ ಶೇಂಗಾ-ಬೆಲ್ಲದ ಉಂಡೆ ಕೊಡುವುದು, ಕತ್ತಲೆಯ ರಸ್ತೆಯಲ್ಲಿ ಜೊತೆಗೆ ನಡೆಯುವುದು, ಮುಟ್ಟಿನ ದಿನಗಳ ಸಂಕಟವನ್ನು ಪುರುಷ ತರಬೇತುದಾರನ ಮುಂದೆ ಹೇಳಲಾಗದವಳ ಮಾತಿಗೆ ಕಿವಿಗೊಡುವುದು, ಯಾವ ಹುಡುಗಿಯೂ ಯಾವ ಗಂಡಸಿನೊಡನೆಯೂ ಒಬ್ಬಳೇ ಉಳಿಯದಂತೆ ನೋಡಿಕೊಳ್ಳುವುದು, ಇವು ಕಾರ್ಯಕರ್ತೆಯರ ಕೆಲಸ.

ಎಲ್ಲಕ್ಕಿಂತ ಕಠಿಣವಾದದ್ದು ಮೈದಾನದಾಚೆ, ಆ ಹುಡುಗಿಯ ಮನೆಯಲ್ಲಿದೆ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ, ಯಾವ ಗಲಾಟೆಯೂ ಇಲ್ಲದೆ, ಒಬ್ಬೊಬ್ಬಳೇ ಬರುವುದನ್ನು ನಿಲ್ಲಿಸುತ್ತಾಳೆ. ನೀರು ತರುವುದಿದೆ, ತಮ್ಮನನ್ನು ನೋಡಿಕೊಳ್ಳುವುದಿದೆ, ಚಡ್ಡಿ ತೊಟ್ಟು ಓಡಿದರೆ ನೆಂಟರು ಆಡಿಕೊಳ್ಳುತ್ತಾರೆ. ಅದರ ಬೆನ್ನಿಗೇ ಮದುವೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. (ಕರ್ನಾಟಕದ ಅಂಕಿ 21, ನಾವು ಬೀಗುವಂಥದ್ದೇನೂ ಇಲ್ಲ.) ಎರಡು ದಿನ ಕಾಣದ ಹುಡುಗಿಯ ಮನೆಗೆ ಮೂರನೆಯ ದಿನ ಹೋಗಿ, ಅವಳ ತಾಯಿಯೊಡನೆ ಕುಳಿತು ಚಹಾ ಕುಡಿದು ಬರುವವರಿದ್ದರೆ ಕೆಲವರಾದರೂ ಉಳಿದಾರು. ಇದನ್ನು ಚೆಕ್ಕಿನಿಂದ ಮಾಡಲಾಗದು.

ನಾಸಿಕಕ್ಕೆ ಪೂರ್ವದಲ್ಲಿ, 2023ರಲ್ಲಿ ಔರಂಗಾಬಾದ್ ಎಂಬ ಹೆಸರು ಬದಲಾದ ಛತ್ರಪತಿ ಸಂಭಾಜಿನಗರದಲ್ಲಿ, ಓಟಕ್ಕೆ ಇನ್ನೊಂದು ಅರ್ಥವಿದೆ. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ, ನಿಜ. ಆದರೆ ಮರಾಠವಾಡದ ಮಳೆ ಕಾಣದ ಹಳ್ಳಿಗಳಿಂದ ಬಂದ ಅನೇಕ ತರುಣಿಯರು ಓಡುವುದು ಪದಕಕ್ಕಲ್ಲ, ಪೊಲೀಸ್ ಭರ್ತಿಗೆ. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ನೇಮಕಾತಿಯ ದೈಹಿಕ ಪರೀಕ್ಷೆಯ 50 ಅಂಕಗಳಲ್ಲಿ ಮಹಿಳೆಯರಿಗೆ 800 ಮೀಟರ್ ಓಟಕ್ಕೇ 20 ಅಂಕ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಂದು ಕುಟುಂಬದ ಸಂಬಳ ಕೈಗೂಡುತ್ತದೆ ಅಥವಾ ತಪ್ಪುತ್ತದೆ. ಸ್ಟಾಪ್‌ವಾಚ್ ಹಿಡಿದು ಪ್ರಾಮಾಣಿಕವಾಗಿ ಸಮಯ ಹೇಳುವ ಒಬ್ಬ ನಿವೃತ್ತ ಗುಮಾಸ್ತರೂ ಅಲ್ಲಿ ದೊಡ್ಡ ಉಪಕಾರಿಯೇ. ವಾಳೂಜ್, ಚಿಕಲ್‌ಠಾಣಾ ಕೈಗಾರಿಕಾ ವಸಾಹತುಗಳಲ್ಲಿ ದುಡಿದು ನಿವೃತ್ತರಾದ ನಮ್ಮವರಿಗೆ ಬೆಳಗಿನ ವಾಯುಸಂಚಾರ ಹೇಗೂ ಉಂಟಲ್ಲ!

ಇದರಿಂದ ಕನ್ನಡಕ್ಕೇನು ಬಂತು ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ಅನ್ನ ಕೊಟ್ಟ ನೆಲದಲ್ಲಿ ನಾವು ನಡೆಸುವುದೆಲ್ಲ ನಮ್ಮ ನಮ್ಮೊಳಗಿನ ಉತ್ಸವಗಳೇ ಆದರೆ, ನೆರೆಯವರು ನಮ್ಮನ್ನು ಗಡಿವಿವಾದದ ಸುದ್ದಿಗಳಿಂದಷ್ಟೇ ಅರಿಯುತ್ತಾರೆ. ನಮ್ಮ ಸ್ವಂತ ಹೆಣ್ಣುಮಕ್ಕಳೂ ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಸ್ಕೂಟರಿನ ಹಿಂದೆ ಕುಳಿತು ಸಾಗುತ್ತಿದ್ದಾರೆ. ಆದಿವಾಸಿ ಹುಡುಗಿಯ ಪಕ್ಕದಲ್ಲಿ ಅವರೂ ಎರಡು ಸುತ್ತು ಓಡಿದರೆ ಯಾರು ಯಾರಿಗೆ ಸೇವೆ ಮಾಡಿದಂತಾಯಿತು ಎಂದು ಲೆಕ್ಕ ಹಾಕುವುದು ಕಷ್ಟವಾದೀತು. ಮರಾಠಿ ಹುಡುಗಿಯರು ತಮಗಿಂತ ಹಿರಿಯಳನ್ನು 'ತಾಯಿ' ಎಂದು ಕರೆಯುತ್ತಾರೆ. ಅವರ ನುಡಿಯಲ್ಲಿ ಅದು ಅಕ್ಕ; ನಮ್ಮ ಕಿವಿಗೆ ಬೇರೆಯೇ ಕೇಳಿಸುತ್ತದೆ.

ಜೂನ್ ನಡುವಿನಲ್ಲಿ ಇಲ್ಲಿ ಶಾಲೆಗಳು ತೆರೆಯುತ್ತವೆ. ಮಳೆಗಾಲದ ಕೆಸರಿನಲ್ಲಿ ಓಟ ಆರಂಭಿಸುವುದು ಹೊಸಬರಿಗೆ ಕಷ್ಟ. ದೀಪಾವಳಿಯ ರಜೆ ಮುಗಿದ ಮೇಲಿನ ಚಳಿಯ ತಿಂಗಳುಗಳು ಅನುಕೂಲ. ಅಷ್ಟರೊಳಗೆ ಪ್ರತಿ ಸಂಘವೂ ಸಮೀಪದ ಒಂದು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಿ, ವಾರಕ್ಕೆ ಮೂರು ಬೆಳಗನ್ನು ಕೊಡಬಲ್ಲ ನಾಲ್ವರು ಮಹಿಳೆಯರ ಹೆಸರನ್ನು ಬರೆದಿಟ್ಟುಕೊಳ್ಳಲಿ. ನಾಲ್ವರು ಏಕೆಂದರೆ, ಒಬ್ಬರ ಮನೆಗೆ ನೆಂಟರು ಬಂದಾರು, ಒಬ್ಬರು ಊರಿಗೆ ಹೋದಾರು. ಉಳಿದ ಇಬ್ಬರಾದರೂ ಮೈದಾನದಲ್ಲಿರಬೇಕು.