ಮರಗಳಿಗೂ ಒಂದು ಉತಾರ

ಗೆ,
ಮಾನ್ಯ ಆಯುಕ್ತರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ

ವಿಷಯ: ಸಾರ್ವಜನಿಕ ಉದ್ಯಾನಗಳ ಡಿಜಿಟಲ್ ನಕ್ಷೆಗೆ ಅನುದಾನ ಮೀಸಲಿಡುವ ಕುರಿತು

ಮಾನ್ಯರೇ,

ನಮ್ಮ ಅವಳಿ ನಗರದಲ್ಲಿ ಹೊಲಕ್ಕೆ ಪಹಣಿ ಉತಾರ ಇದೆ, ಮನೆ ಜಾಗಕ್ಕೆ ಸಿಟಿ ಸರ್ವೆ ಉತಾರ ಇದೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಧಾರವಾಡದ ಆಜಾದ್ ಪಾರ್ಕಿನಲ್ಲೋ ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಆವರಣದಲ್ಲೋ ಒಂದು ಮರದ ಕೆಳಗೆ ನಿಂತು, ಇದು ಯಾವ ಮರ, ಯಾವಾಗ ನೆಟ್ಟರು, ಕೊನೆಯ ಸಲ ಟೊಂಗೆ ಸವರಿದ್ದು ಯಾವಾಗ ಎಂದು ತಿಳಿಯಬೇಕಾದರೆ ಹಳೆಯ ಮಾಲಿಯನ್ನೇ ಹುಡುಕಬೇಕು. ಅವರು ನಿವೃತ್ತರಾದರೆ ಉದ್ಯಾನದ ಅರ್ಧ ದಾಖಲೆ ಅವರ ಜೊತೆಗೇ ಮನೆಗೆ ಹೋಗುತ್ತದೆ.

ಗಿಡಮರದ ಹವ್ಯಾಸಿಗಳ ಬೇಡಿಕೆ ಎಂದು ಇದನ್ನು ಬದಿಗಿಡಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರಗಣತಿಯನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲೇ ಸೇರಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜೀವವೈವಿಧ್ಯದ ದಾಖಲೆ ಇಡಬೇಕು. ಎಣಿಕೆ ಕಡತದಲ್ಲಿ ಮಲಗಿದರೆ ಯಾರಿಗೂ ಉಪಯೋಗವಿಲ್ಲ. ಮರ ನಿಂತ ಜಾಗ ನಕ್ಷೆಯಲ್ಲಿ ಕಂಡಾಗಲೇ ಅದು ಕೆಲಸಕ್ಕೆ ಬರುತ್ತದೆ: ಅಡ್ಡಮಳೆಯ ಗಾಳಿ ಬೀಸುವ ಮೊದಲೇ ಟೊಳ್ಳು ಬಿದ್ದ ಮರ ಗುರುತಿಸಬಹುದು, ಪೈಪು ಹೂಳಲು ಅಗೆಯುವವರು ಬೇರು ತಪ್ಪಿಸಬಹುದು, ಹೋದ ವರ್ಷ ನೆಟ್ಟ ಸಸಿಗಳಲ್ಲಿ ಬದುಕಿದವೆಷ್ಟು ಎಂದು ಲೆಕ್ಕ ಕೇಳಬಹುದು.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನಮ್ಮ ಉದ್ಯಾನಗಳಿಗೂ ಕೆರೆದಂಡೆಗಳಿಗೂ ಹಣ ಬಂತು. ತೋಳನಕೆರೆಗೆ ಹೊಸ ರೂಪ ಬಂತು, ಗಾಜಿನ ಮನೆ ಆವರಣಕ್ಕೆ ಪುಟಾಣಿ ರೈಲು ಬಂತು. ಜನರಿಗೆ ಅವೂ ಬೇಕು. ನಕ್ಷೆಗೆ ಮಾತ್ರ ಟೇಪು ಕತ್ತರಿಸಿ ಉದ್ಘಾಟನೆ ಮಾಡಲು ಬರುವುದಿಲ್ಲ. ಅಂದಾಜು ಪತ್ರಿಕೆಯಲ್ಲಿ ಅದಕ್ಕೆ ಜಾಗ ಸಿಗದಿರಲು ಅದೂ ಒಂದು ಕಾರಣವಿದ್ದೀತು.

ಇನ್ನು ಖರ್ಚಿನ ಮಾತು. ಅಮೆರಿಕದಲ್ಲಿ ಎಸ್ರಿ ಎಂಬ ಕಂಪನಿ ತನ್ನ ನಕ್ಷೆಯ ತಂತ್ರಾಂಶವನ್ನೇ ಸಾರ್ವಜನಿಕ ಉದ್ಯಾನಗಳಿಗೆ ಅನುದಾನವಾಗಿ ಕೊಟ್ಟದ್ದುಂಟು. ನಮಗೆ ಅದಕ್ಕೂ ಕಾಯಬೇಕಿಲ್ಲ, ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಎಲ್ಲರಿಗೂ ಉಚಿತ. ದುಡ್ಡು ಬೇಕಾಗುವುದು ಕೆಲಸ ಮಾಡುವ ಕೈಗಳಿಗೆ. ಏಕೆಂದರೆ ದಟ್ಟ ನೆರಳಿನಡಿ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ. ಅಷ್ಟರಲ್ಲಿ ಬೇವಿನ ಲೆಕ್ಕ ಪಕ್ಕದ ಹೊಂಗೆಗೆ ಹೋಗಿರುತ್ತದೆ. 2015ರಲ್ಲಿ ನ್ಯೂಯಾರ್ಕ್ ನಗರ ತನ್ನ ರಸ್ತೆಬದಿಯ 6.6 ಲಕ್ಷಕ್ಕೂ ಹೆಚ್ಚು ಮರಗಳನ್ನು ಎಣಿಸಿದಾಗ ಸ್ವಯಂಸೇವಕರು ಅಳತೆಚಕ್ರ ಉರುಳಿಸಿ, ಟೇಪು ಹಿಡಿದು ಗೊತ್ತಿರುವ ಬಿಂದುವಿನಿಂದ ದೂರ ಅಳೆದರು. ಎರಡು ಸಾವಿರಕ್ಕೂ ಹೆಚ್ಚು ಜನ ಕೈಜೋಡಿಸಿದ್ದರು. ನಮ್ಮಲ್ಲೂ ಅಂಥ ಕೈಗಳಿಗೆ ಬರವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುವವರಿದ್ದಾರೆ, ಕೃಷಿ ವಿಶ್ವವಿದ್ಯಾಲಯವಿದೆ, ಐಐಟಿ ಇದೆ. ಅಲ್ಲಿನ ವಿದ್ಯಾರ್ಥಿಗಳನ್ನು ಮಾಲಿಗಳ ಜೊತೆ ಕೂಡಿಸಿ, ಇಬ್ಬರಿಗೂ ಗೌರವಧನ ಕೊಡುವ ವ್ಯವಸ್ಥೆಯೊಂದು ಬೇಕು.

ನನ್ನ ಮುಖ್ಯ ಕಳಕಳಿ ಎರಡನೆಯ ವರ್ಷದ್ದು. ಇಂಥ ಯೋಜನೆಗೆ ಮೊದಲ ಕಂತು ಸುಲಭವಾಗಿ ಹುಟ್ಟುತ್ತದೆ. ಡ್ರೋನ್ ಹಾರುತ್ತದೆ, ಫೋಟೋ ಬರುತ್ತದೆ, ಆ್ಯಪ್ ಬಿಡುಗಡೆಯಾಗುತ್ತದೆ. ಮುಂದಿನ ಮಳೆಗಾಲಕ್ಕೆ ಕೆಲವು ಮರ ಉರುಳುತ್ತವೆ, ಹೊಸ ಸಸಿ ಬರುತ್ತವೆ, ನಕ್ಷೆಯಲ್ಲಿ ಮಾತ್ರ ಬಿದ್ದ ಮರವೇ ನಿಂತಿರುತ್ತದೆ. ಆದ್ದರಿಂದ ಅನುದಾನವನ್ನು ಕನಿಷ್ಠ ಐದು ವರ್ಷಕ್ಕೆ ಹಂಚಿ, ವರ್ಷಕ್ಕೊಮ್ಮೆ ತಿದ್ದುಪಡಿ ಆದ ಮೇಲೆಯೇ ಮುಂದಿನ ಕಂತು ಬಿಡುಗಡೆ ಮಾಡಿ. ಗುತ್ತಿಗೆ ಯಾರಿಗೇ ಹೋಗಲಿ, ದತ್ತಾಂಶ ಪಾಲಿಕೆಯದಾಗಿರಲಿ, ನಾಗರಿಕರೆಲ್ಲರಿಗೂ ತೆರೆದಿರಲಿ. ಮರದ ಹೆಸರು ಕನ್ನಡದಲ್ಲೂ ಇರಲಿ.

ಹಣದ ಮೂಲಕ್ಕೆ ದಾರಿಗಳಿವೆ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಪರಿಸರ ರಕ್ಷಣೆಗೆ ಬಳಸಬಹುದು. ಆದರೆ ದಾನಿಗಳನ್ನು ಕೇಳುವ ಮೊದಲು ಪಾಲಿಕೆ ತನ್ನ ಬಜೆಟ್ಟಿನಲ್ಲೇ ಒಂದು ಲೆಕ್ಕಶೀರ್ಷಿಕೆ ತೆರೆಯಬೇಕು. ತಾನೇ ಬಿಡಿಗಾಸು ಹಾಕದ ಕೆಲಸಕ್ಕೆ ಹೊರಗಿನವರು ಯಾಕೆ ಕೊಟ್ಟಾರು?

ಎಲ್ಲ ವಾರ್ಡುಗಳನ್ನೂ ಒಮ್ಮೆಲೇ ಹಿಡಿಯಬೇಕೆಂದು ನಾನು ಕೇಳುತ್ತಿಲ್ಲ. ಬರುವ ಬಜೆಟ್ಟಿನಲ್ಲಿ ಆಜಾದ್ ಪಾರ್ಕ್ ಮತ್ತು ಗಾಜಿನ ಮನೆ ಉದ್ಯಾನ, ಊರಿಗೊಂದರಂತೆ ಎರಡನ್ನೇ ಎತ್ತಿಕೊಳ್ಳಿ. ವರ್ಷ ತುಂಬಿದಾಗ ಎಷ್ಟು ಮರ ದಾಖಲಾದವು, ಎಷ್ಟು ಖರ್ಚಾಯಿತು ಎಂಬುದನ್ನು ಸಾಮಾನ್ಯ ಸಭೆಯ ಮುಂದಿಡಿ. ಉಳಿದ ಉದ್ಯಾನಗಳ ಮಾತನ್ನು ಆ ಲೆಕ್ಕ ನೋಡಿಕೊಂಡೇ ಆಡೋಣ.


ತೆರಿಗೆ ಕಟ್ಟುವ, ಉದ್ಯಾನಗಳಲ್ಲಿ ಅಡ್ಡಾಡುವ ಒಬ್ಬ ನಾಗರಿಕ