'ನಟಿಸಿಲ್ಲ, ಜೀವಿಸಿದ್ದಾರೆ' ಎಂಬ ಅವಮಾನ

ಹಿರಿಯ ನಟರೊಬ್ಬರು ತೀರಿಕೊಂಡ ಮರುದಿನದ ಪತ್ರಿಕೆ ತೆಗೆದು ನೋಡಿ. 'ಅವರು ಪಾತ್ರವನ್ನು ನಟಿಸಲಿಲ್ಲ, ಜೀವಿಸಿದರು' ಎಂಬ ವಾಕ್ಯ ಎಲ್ಲಾದರೂ ಇದ್ದೇ ಇರುತ್ತದೆ. ಪಕ್ಕದಲ್ಲೇ 'ಸಹಜಾಭಿನಯ', 'ಪರಕಾಯ ಪ್ರವೇಶ'. ಆಮೇಲೆ ಅವರು ಎಷ್ಟು ಸರಳವಾಗಿದ್ದರು, ಸೆಟ್ಟಿನಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ಹೇಗೆ ಊಟ ಮಾಡುತ್ತಿದ್ದರು ಎಂಬ ಕಥೆ. ಇದನ್ನು ನಾವು ಹೊಗಳಿಕೆ ಎಂದುಕೊಂಡಿದ್ದೇವೆ. ನನಗೆ ಇದು ಅವಮಾನ ಅನ್ನಿಸುತ್ತದೆ. ಐವತ್ತು ವರ್ಷ ಒಂದೇ ಕಸುಬು ಮಾಡಿದವರಿಗೆ, 'ನೀವು ಆ ಕೆಲಸ ಮಾಡಲೇ ಇಲ್ಲ, ಅದು ತಾನಾಗಿ ಆಯಿತು' ಎಂದು ಹೇಳಿದ ಹಾಗೆ.

ಟಿ.ಎನ್. ಬಾಲಕೃಷ್ಣ ಅವರನ್ನು ತೆಗೆದುಕೊಳ್ಳಿ. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಕನಿಕರದಿಂದ ಹೇಳಿ ಮುಂದೆ ಹೋಗುತ್ತಾರೆ. ಆದರೆ ಯೋಚಿಸಿ: ಹಾಸ್ಯವೆಂದರೆ ಸಮಯದ ಲೆಕ್ಕಾಚಾರ. ಎದುರಿನವರ ಮಾತು ಮುಗಿಯುವ ಕ್ಷಣಕ್ಕಿಂತ ಅರೆಕ್ಷಣ ತಡವಾದರೂ ನಗು ಸತ್ತುಹೋಗುತ್ತದೆ. ಆ ಮಾತೇ ಕಿವಿಗೆ ಬೀಳದ ಮನುಷ್ಯ 'ಬಂಗಾರದ ಮನುಷ್ಯ'ದ ರಾಚೂಟಪ್ಪನಾಗಿ ರಾಜ್‌ಕುಮಾರ್ ಅವರ ಮಾತಿಗೆ ಮಾತು ಕೂಡಿಸಿದ್ದು ಹೇಗೆ? ತುಟಿಯ ಚಲನೆ ನೋಡಿ ಎನ್ನುತ್ತಾರೆ. ಹಾಗಿದ್ದರೆ ತನ್ನ ಸಂಭಾಷಣೆಯ ಜೊತೆ ಎದುರಿನವರದ್ದೂ ಕಂಠಪಾಠ ಆಗಿರಬೇಕು. ಕಣ್ಣು ಅಭಿನಯವನ್ನೂ ಮಾಡಬೇಕು, ಕಿವಿಯ ಕೆಲಸವನ್ನೂ ಮಾಡಬೇಕು. ಇದರಲ್ಲಿ 'ಸಹಜ' ಎನ್ನುವಂಥದ್ದು ಏನಿದೆ?

ರಾಜ್‌ಕುಮಾರ್ ವಿಷಯದಲ್ಲಿ ನಮ್ಮ ಬಡತನ ಇನ್ನೂ ಎದ್ದು ಕಾಣುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ, ಕೈಮುಗಿದ ವಿನಯದ ಬಗ್ಗೆ ನಾವು ಬರೆದಷ್ಟು, ಅವರ ನಟನೆಯ ಬಗ್ಗೆ ಬರೆದಿಲ್ಲ. 1974ರ 'ಸಂಪತ್ತಿಗೆ ಸವಾಲ್'ವರೆಗೆ ಅವರ ಹಾಡುಗಳಿಗೆ ಹೆಚ್ಚಾಗಿ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಕಂಪನಿ ನಾಟಕದಲ್ಲಿ ಪಳಗಿದ, ಸ್ವತಃ ಹಾಡಬಲ್ಲ ನಟನೊಬ್ಬ ವರ್ಷಗಟ್ಟಲೆ ಇನ್ನೊಬ್ಬರ ಉಸಿರಿಗೆ ತನ್ನ ಎದೆಯನ್ನು, ಕೊರಳನ್ನು ಹೊಂದಿಸಿಕೊಂಡ. ಎರಡು ದನಿ ಬೇರೆ ಎಂದು ನಮಗೆ ಹಾಡಿನ ನಡುವೆ ಒಮ್ಮೆಯೂ ಅನ್ನಿಸಲಿಲ್ಲ. ಇದನ್ನು ಅವರು ಹೇಗೆ ಮಾಡುತ್ತಿದ್ದರು ಎಂದು ಕೂರಿಸಿಕೊಂಡು ಕೇಳಿದವರು ಎಷ್ಟು ಮಂದಿ? 'ಕಸ್ತೂರಿ ನಿವಾಸ'ದ ಕೊನೆಯಲ್ಲಿ, ಮನೆಗೆ ಬಂದವಳಿಗೆ ಉಣಬಡಿಸಲೆಂದು ಪಾರಿವಾಳವನ್ನೇ ಮಾರಿದವನ ಮುಂದೆ ಆಕೆ ಅದೇ ಪಾರಿವಾಳವನ್ನು ಕೇಳುತ್ತಾಳೆ. ಅಲ್ಲಿ ನಟ ದುಃಖವನ್ನು ತೋರಿಸಬೇಕು, ಅವಳಿಗೆ ಕಾಣದ ಹಾಗೆ ಮುಚ್ಚಿಡಲೂಬೇಕು, ಮುಚ್ಚಿಟ್ಟದ್ದು ನಮಗೆ ಮಾತ್ರ ಗೊತ್ತಾಗಬೇಕು. ಆ ದೃಶ್ಯಕ್ಕೆ ನಾವು ಅತ್ತಿದ್ದೇವೆ. ಅಳಿಸಿದ ಕೆಲಸ ಎಂಥದ್ದು ಎಂದು ಕೇಳಿಲ್ಲ.

ಅವರು ನಮ್ಮನ್ನು 'ಅಭಿಮಾನಿ ದೇವರುಗಳು' ಎಂದರು. ನಾವು ಅವರನ್ನು ದೇವರು ಎಂದೆವು. ದೇವರ ಬಳಿ ವರ ಕೇಳಬಹುದು, 'ಇದನ್ನು ಹೇಗೆ ಮಾಡಿದೆ' ಎಂದು ಕೇಳಲಾಗುವುದಿಲ್ಲ. ಕೀರ್ತಿ ಮಾಡುವ ಹಾನಿ ಇದೇ. ನಟನ ಹೆಸರು ದೊಡ್ಡದಾದಷ್ಟೂ ನಟನೆಯ ಬಗೆಗಿನ ಮಾತು ಸಣ್ಣದಾಗುತ್ತದೆ.

ನಟರಿಗೇ ಹೇಳಲು ಬರುವುದಿಲ್ಲ, ಅದು ಒಳಗಿನಿಂದ ಬರುವಂಥದ್ದು ಎಂಬ ವಾದ ಇದೆ. ನಾನು ಒಪ್ಪುವುದಿಲ್ಲ. ಗುಬ್ಬಿ ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಅಂಥವರು ಪಳಗಿದ ಕಂಪನಿಯ ಯಜಮಾನರೇ ಇದನ್ನು ಕಾಯಕ ಎಂದಿದ್ದಾರೆ. ನಾವು ಮಾತ್ರ ಪವಾಡ ಎನ್ನುತ್ತೇವೆ. ಕರಾವಳಿಯ ಯಕ್ಷಗಾನದ ಪ್ರೇಕ್ಷಕರನ್ನು ನೋಡಿ. ರಾತ್ರಿಯ ಆಟ ಮುಗಿಸಿ ಬೆಳಿಗ್ಗೆ ಹೋಟೆಲಿನಲ್ಲಿ ಕೂತರೆ, ಯಾರ ಪ್ರವೇಶ ಹೇಗಿತ್ತು, ಅರ್ಥಗಾರಿಕೆಯಲ್ಲಿ ಯಾರು ಎಲ್ಲಿ ಎಡವಿದರು, ಭಾಗವತರು ಯಾಕೆ ಲಯ ಏರಿಸಿದರು ಎಂದು ಜಗಳವಾಡುತ್ತಾರೆ. ಅವರಿಗೂ ಕಲಾವಿದರ ಮೇಲೆ ಅಭಿಮಾನವಿದೆ. ಆ ಅಭಿಮಾನಕ್ಕೆ ಕಣ್ಣೂ ಇದೆ. ಸಿನಿಮಾದ ವಿಷಯಕ್ಕೆ ಬಂದರೆ ಅದೇ ಕನ್ನಡಿಗರ ಹತ್ತಿರ 'ಸೂಪರ್' ಬಿಟ್ಟರೆ ಪದವಿಲ್ಲ.

ಪದಗಳು ಹುಟ್ಟಬೇಕಾದರೆ ನೋಡುವುದನ್ನು ಕಲಿಯಬೇಕು. 1972ರ 'ನಾಗರಹಾವು' ಎಂದರೆ ವಿಷ್ಣುವರ್ಧನ್ ಅವರ ಸಿಟ್ಟು ನೆನಪಾಗುತ್ತದೆ. ಇನ್ನೊಮ್ಮೆ ನೋಡುವಾಗ ಚಾಮಯ್ಯ ಮೇಷ್ಟರ ಪಾತ್ರದ ಅಶ್ವತ್ಥ್ ಅವರನ್ನಷ್ಟೇ ನೋಡಿ, ಅದೂ ಅವರು ಮಾತಾಡದಿದ್ದಾಗ. ಹೊಸ ಹುಡುಗನ ಆರ್ಭಟಕ್ಕೆ ತೂಕ ಬರುವುದು ಎದುರಿಗೆ ನಿಂತ ಹಿರಿಯ ನಟ ಕೇಳಿಸಿಕೊಳ್ಳುವ ರೀತಿಯಿಂದ. ಕೇಳಿಸಿಕೊಳ್ಳುವುದು ನಟನೆಯ ಅರ್ಧ ಭಾಗ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ ಅಷ್ಟೆ.

ಈಗ ಬಾಲಣ್ಣನೇ ಕಟ್ಟಿದ ಅಭಿಮಾನ್ ಸ್ಟುಡಿಯೊದ ಕಥೆ ನೋಡಿ. 2025ರಲ್ಲಿ ಅಲ್ಲಿಂದ ವಿಷ್ಣುವರ್ಧನ್ ಸಮಾಧಿ ತೆರವಾದಾಗ ಅಭಿಮಾನಿಗಳು ಸಂಕಟಪಟ್ಟರು. ಆ ಸಂಕಟ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಗುಂಟೆ ಲೆಕ್ಕದ ಜಾಗಕ್ಕಾಗಿ ವರ್ಷಗಟ್ಟಲೆ ಹೋರಾಡಬಲ್ಲ ನಾವು, ಆ ನಟರು ಮಾಡಿದ ಕೆಲಸವನ್ನು ಬರೆದಿಡಲು ಯಾಕೆ ಹೋರಾಡಲಿಲ್ಲ? ಸಮಾಧಿಯನ್ನು ಒಡೆಯಬಹುದು. ಬರೆದಿಟ್ಟಿದ್ದನ್ನು ಒಡೆಯುವುದು ಕಷ್ಟ.

ಅನಂತನಾಗ್ ನಮ್ಮ ನಡುವೆ ಇದ್ದಾರೆ. 2025ರಲ್ಲಿ ಪದ್ಮಭೂಷಣ ಬಂದಾಗ ಸಂಭ್ರಮಿಸಿದೆವು. ಮಾತಿಗೆ ಕೂರಿಸಿಕೊಂಡರೆ ನಮ್ಮ ಪ್ರಶ್ನೆಗಳು ಶಂಕರ್‌ನಾಗ್ ನೆನಪಿಗೆ, ರಾಜಕೀಯಕ್ಕೆ ಹೊರಳುತ್ತವೆ. 'ಹಂಸಗೀತೆ'ಯ ಸಂಗೀತಗಾರ, 'ಬರ'ದ ಜಿಲ್ಲಾಧಿಕಾರಿ, 'ಗಣೇಶನ ಮದುವೆ'ಯ ಬಾಡಿಗೆದಾರ ಒಂದೇ ಮೈಯಲ್ಲಿ ಹೇಗೆ ಹಿಡಿಸಿದರು? 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ನೆನಪು ಕಳೆದುಕೊಂಡ ವೆಂಕೋಬರಾಯರನ್ನು ಮಾಡಲು, ಸಂಭಾಷಣೆಯೆಲ್ಲ ನೆನಪಿಟ್ಟುಕೊಂಡೇ ಅದನ್ನು ಮರೆತವರಂತೆ ಆಡಬೇಕಿತ್ತು. ಆ ಖಾಲಿ ನೋಟವನ್ನು ಎಲ್ಲಿಂದ ತಂದರು? ಇದನ್ನು ಹೇಳಬಲ್ಲವರು ಅವರೊಬ್ಬರೇ.

ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿಗೆ ಹಿರಿಯ ನಟರೊಬ್ಬರನ್ನು ಕರೆದರೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಕಾರ್ಯಕ್ರಮ ಹತ್ತು ನಿಮಿಷದಲ್ಲಿ ಮುಗಿಸಿ. ಆಮೇಲೆ ಅವರದೇ ಒಂದು ದೃಶ್ಯವನ್ನು ಪರದೆಯ ಮೇಲೆ ಹಾಕಿ. ಅಲ್ಲಲ್ಲಿ ನಿಲ್ಲಿಸಿ ಕೇಳಿ: ಇಲ್ಲಿ ಯಾಕೆ ತಡೆದಿರಿ, ಕೈ ಯಾಕೆ ಅಲ್ಲಿತ್ತು, ಎಷ್ಟನೇ ಟೇಕ್ ಇದು, ಎದುರಿನವರು ಏನು ಕೊಟ್ಟರು? ಉತ್ತರವನ್ನು ರೆಕಾರ್ಡ್ ಮಾಡಿ, ಬರೆದು, ಪ್ರಕಟಿಸಿ. ಕಂಪನಿ ನಾಟಕದ ಧೂಳು ಕುಡಿದು ಬಂದ ತಲೆಮಾರಿನವರಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು. ಅವರಿಗೆ ವಯಸ್ಸಾಗಿದೆ. ನಾವು ಕೇಳದಿದ್ದರೆ ಅವರು ಮತ್ತೆ ಸರಳತೆಯ ಕಥೆಯನ್ನೇ ಹೇಳಿ ಹೊರಟುಬಿಡುತ್ತಾರೆ, ಯಾಕೆಂದರೆ ನಾವು ಇಷ್ಟು ವರ್ಷ ಅವರ ಬಳಿ ಕೇಳಿದ್ದು ಅದನ್ನೇ.