ಕುಂದಗೋಳಕ್ಕೆ ತಿಳಿಯದೆಂದವರು ಯಾರು?

1999ರಲ್ಲಿ ಅಮೆರಿಕದಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಚಿತ್ರಗಳು ತೆರೆಕಂಡವು. ನಾವು ಕಾಣುವ ಜಗತ್ತು ಯಂತ್ರ ಕಟ್ಟಿದ ಮಾಯೆಯಾಗಿದ್ದರೆ? ಎರಡರ ವಸ್ತುವೂ ಇದೇ. ‘ದಿ ಮ್ಯಾಟ್ರಿಕ್ಸ್’ ಬಂದೂಕು ಹಾರಿಸಿ ಗೆದ್ದಿತು. ಜೋಸೆಫ್ ರುಸ್ನಾಕ್ ನಿರ್ದೇಶಿಸಿದ ‘ದಿ ಥರ್ಟೀಂತ್ ಫ್ಲೋರ್’ ಮೂಲೆ ಸೇರಿತು. ನನ್ನನ್ನು ಕೇಳಿದರೆ ಎರಡನೆಯದೇ ಹಿರಿದು. ಗಣಕಯಂತ್ರದೊಳಗೆ 1937ರ ಲಾಸ್ ಏಂಜಲೀಸ್ ನಗರವನ್ನು ಕಟ್ಟಿದ ವಿಜ್ಞಾನಿಯ ಕೊಲೆಯಾಗುತ್ತದೆ. ಆ ನಗರದೊಳಗಿನ ಮದ್ಯದಂಗಡಿಯ ಆಳೊಬ್ಬ ತನ್ನದಲ್ಲದ ಪತ್ರ ಓದಿ, ಎಂದೂ ಹೋಗದ ದಿಕ್ಕಿಗೆ ಕಾರು ಓಡಿಸಿ, ಜಗತ್ತಿನ ಅಂಚು ಮುಟ್ಟುತ್ತಾನೆ. ಆ ನಗರವನ್ನು ಕಟ್ಟಿದವರಲ್ಲೊಬ್ಬ ತನ್ನ ಊರಿನಲ್ಲೂ ಹಾಗೇ ಓಡಿಸಿ ನೋಡುತ್ತಾನೆ. ರಸ್ತೆ ಮುಗಿದಲ್ಲಿ ಭೂಮಿಯಿಲ್ಲ, ಬರೀ ಗೆರೆಗಳು! (ಗುಟ್ಟು ಬಿಟ್ಟುಕೊಟ್ಟೆನೆಂದು ಸಿಟ್ಟಾಗಬೇಡಿ, ಇಪ್ಪತ್ತೈದು ವರುಷ ಕಾದಿದ್ದೇನೆ.)

ಇಂಥದು ಹಳ್ಳಿಗರಿಗೆ ತಿಳಿಯದೆಂದು ಪೇಟೆಯ ರಸಿಕರ ತೀರ್ಪು. ಶುದ್ಧ ಸುಳ್ಳು. ನವಲಗುಂದ-ಅಣ್ಣಿಗೇರಿ ದಾರಿಯ ಎರೆಹೊಲದಲ್ಲಿ ಚೈತ್ರದ ಮಧ್ಯಾಹ್ನ ನಿಂತವನಿಗೆ ಬಿಸಿಲ್ಗುದುರೆಯನ್ನು ಬಿಡಿಸಿ ಹೇಳಬೇಕೆ? ರಾತ್ರಿಯೆಲ್ಲ ಬಯಲಾಟದಲ್ಲಿ ಕೌರವನಾಗಿ ಮೆರೆದು, ಬೆಳಗಾದರೆ ಎತ್ತಿಗೆ ಮೇವು ಹಾಕುವವರ ಸೀಮೆಯಿದು. ಕುಂದಗೋಳದ ಕಡೆಯ ಹಿರಿಯ ರೈತರೊಬ್ಬರಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರೆಂದರು: “ಅಂದ್ರ, ತಾ ವೇಷದಾಗ ಅದೇನಂತ ಅವಗ ಗೊತ್ತಿಲ್ಲ, ಹೌದಲ್ರೀ? ಹಂಗಾರ ಆಟಾ ಮುಗಿದಿಂದ ಅವನ ಗತಿ ಏನ್ರೀ?” ‘ಮ್ಯಾಟ್ರಿಕ್ಸ್’ ಕೊಂಡಾಡಿದ ಎಷ್ಟು ಪಂಡಿತರು ಈ ಪ್ರಶ್ನೆ ಎತ್ತಿದ್ದಾರೆ?

ಅವರಿಗೆ ತಿಳಿಯದ್ದು ಇಂಗ್ಲಿಷು, ಚಿತ್ರವಲ್ಲ. ಕನ್ನಡದಲ್ಲಿ ತೋರಿಸಿದ್ದರೆ ಆಗುತ್ತಿತ್ತು. ತೋರಿಸಬಾರದೆಂದೇ ನಮ್ಮ ಚಿತ್ರರಂಗ ಕಟ್ಟುಪಾಡು ಹಾಕಿಕೊಂಡು ಕುಳಿತಿತ್ತು. ತೆಲುಗಿನ ‘ಮಾಯಾಬಜಾರ್’ 1965ರಲ್ಲಿ ಕನ್ನಡದಲ್ಲಿ ಮಾತಾಡಿತು. ಘಟೋತ್ಕಚ ಕಟ್ಟಿದ ಆ ಮಾಯಾನಗರಕ್ಕಿಂತ ಹಳೆಯ ‘ಕೃತಕ ಜಗತ್ತು’ ಬೇಕೆ? ಆಮೇಲೆ ಡಬ್ಬಿಂಗ್ ಎಂದರೆ ದ್ರೋಹವೆನಿಸಿತು. ಅರುವತ್ತರ ದಶಕದಲ್ಲಿ ಅದಕ್ಕೆ ಕಾರಣವಿತ್ತು, ಒಪ್ಪುತ್ತೇನೆ: ನಮ್ಮ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನಂಬಿ ಬದುಕುತ್ತಿದ್ದವು, ಕಲಾವಿದರ ಅನ್ನದ ಪ್ರಶ್ನೆಯಿತ್ತು. ಆದರೆ ಎಳೆಗರುವಿಗೆ ಕಟ್ಟಿದ ಬೇಲಿಯನ್ನು ಅದು ಹೋರಿಯಾದ ಮೇಲೂ ಕಾಯುವುದೆ? 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತಪ್ಪೆಂದು ಹೇಳಬೇಕಾಯಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಬಂತು. ಅಲ್ಲಿಯವರೆಗೆ ಬೆಂಗಳೂರು, ಹುಬ್ಬಳ್ಳಿಯ ಓದಿದವರು ಇಂಗ್ಲಿಷಿನಲ್ಲೇ ನೋಡಿದರು. ಕಲಘಟಗಿಯ ಹುಡುಗ ಕನ್ನಡವನ್ನು ಕಾಪಾಡಿದ.

ಈಗ ಬಾಗಿಲು ತೆರೆದಿದೆ, ನುಗ್ಗುತ್ತಿರುವುದು ಮಾತ್ರ ಕೋಟಿಗಟ್ಟಲೆ ಸುರಿದ ಹೊಡೆದಾಟಗಳು. ‘ಥರ್ಟೀಂತ್ ಫ್ಲೋರ್’ ಕನ್ನಡ ಆಡಿದ್ದನ್ನು ನಾನು ಕೇಳಿಲ್ಲ. ಮಾತಿನ ಚಿತ್ರ ಅದು, ಹತ್ತು ಹನ್ನೆರಡು ಕಂಠಗಳು ಸಾಕು. ಧಾರವಾಡದ ನಾಟಕದವರಲ್ಲಿ ಅಷ್ಟು ಕಂಠ ಸಿಗದೆ?